ಕೆಲಸ ಹೋದವರಿಗೆ ಇಎಸ್‌ಐ ಕೊಡುವ ಅರ್ಧ ಸಂಬಳ ಸಾಕಾ? ಜಾಸ್ತಿ ಮಾಡಬೇಕಾ?

ಲಗ್ಗೆರೆ_ಬ್ರಿಡ್ಜ್
ನಮ್ಮ ಅತ್ತಿಗೆ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಒಂಬತ್ತು ವರ್ಷದಿಂದ ಒಂದೇ ಫ್ಯಾಕ್ಟರಿ. 2025ರ ಆಗಸ್ಟ್‌ನಲ್ಲಿ ಅಮೆರಿಕದವರು ನಮ್ಮ ಮಾಲಿನ ಮೇಲೆ ಸುಂಕವನ್ನು ಶೇ 50ಕ್ಕೆ ಏರಿಸಿದರಲ್ಲ, ಅಲ್ಲಿಂದ ಶುರುವಾಯಿತು. ಮೊದಲು ಓಟಿ ನಿಂತಿತು. ಆಮೇಲೆ ಶನಿವಾರವೂ ರಜೆ ಕೊಟ್ಟರು. ಆಮೇಲೆ ಒಂದು ಸೋಮವಾರ ಹೋದರೆ ಇವರ ಲೈನಿನ ಮಿಷಿನ್‌ಗಳಿಗೆಲ್ಲ ಪ್ಲಾಸ್ಟಿಕ್ ಹೊದಿಸಿದ್ದರು. ಆರ್ಡರ್ ಬಂದಾಗ ಕರೆಯುತ್ತೇವೆ ಅಂದರಂತೆ.

ಸಂಬಳದಲ್ಲಿ ಕಟ್ ಆಗುವ ಕಾರ್ಮಿಕರ ಸರ್ಕಾರಿ ವಿಮೆ ಇದೆಯಲ್ಲ, ಇಎಸ್‌ಐ, ಅದರಲ್ಲಿ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಅಂತ ಒಂದಿದೆ. 2018ರ ಜುಲೈನಲ್ಲಿ ಶುರುವಾದದ್ದು. ಮೊದಲು ಸಂಬಳದ ಶೇ 25 ಕೊಡುತ್ತಿದ್ದರು, ಕೋವಿಡ್ ಟೈಮಲ್ಲಿ ಶೇ 50 ಮಾಡಿದರು. ಹೆಚ್ಚೆಂದರೆ 90 ದಿನ, ಅದೂ ಜೀವಮಾನದಲ್ಲಿ ಒಂದೇ ಸಲ. ಕೋವಿಡ್‌ನಲ್ಲಿ ಡಬಲ್ ಮಾಡೋಕೆ ಆಯಿತು ಅಂದರೆ, ಆರ್ಡರ್ ಇಲ್ಲದ ಈ ಕಾಲದಲ್ಲಿ ಶೇ 75 ಯಾಕೆ ಮಾಡಬಾರದು? ಅರ್ಧ ಸಂಬಳದಲ್ಲಿ ಬಾಡಿಗೆ ಕಟ್ಟಿದರೆ ಅಕ್ಕಿ ತರೋಕೆ ಆಗಲ್ಲ.

ಹನ್ನೊಂದನೇ_ಕ್ರಾಸ್
ಇಂಥದ್ದೊಂದು ಇದೆ ಅಂತಲೇ ಗೊತ್ತಿರಲಿಲ್ಲ ಗುರು. ತಿಂಗಳು ತಿಂಗಳು ಇಎಸ್‌ಐ ಕಟ್ ಆಗುತ್ತಲೇ ಇದೆ.

ಲೆಕ್ಕದ_ಮೇಷ್ಟ್ರು
ಬೇಕು, ಬೇಡ ಅನ್ನುವ ಮೊದಲು ಲೆಕ್ಕ ನೋಡಿ. ಸಂಬಳ 14,000 ಅಂತ ಇಟ್ಟುಕೊಳ್ಳಿ. ಅದರಲ್ಲಿ ನಿಮ್ಮ ಪಾಲು ಶೇ 0.75, ಅಂದರೆ 105 ರೂಪಾಯಿ. ಕಂಪನಿ ಪಾಲು ಶೇ 3.25, ಅಂದರೆ 455. ಎರಡೂ ಸೇರಿ ತಿಂಗಳಿಗೆ 560. ಎರಡು ವರ್ಷಕ್ಕೆ 13,440.

ಈಗ ಬರುವ ದುಡ್ಡು. ನಾಲ್ಕು ವಂತಿಗೆ ಅವಧಿಯ, ಅಂದರೆ ಎರಡು ವರ್ಷದ ಒಟ್ಟು ಸಂಬಳವನ್ನು 730 ದಿನದಿಂದ ಭಾಗಿಸುತ್ತಾರೆ. 3,36,000 ಭಾಗಿಸು 730, ದಿನಕ್ಕೆ 460. ಅದರ ಅರ್ಧ 230. ತೊಂಬತ್ತು ದಿನಕ್ಕೆ ಸುಮಾರು 20,700. ಕಟ್ಟಿದ್ದಕ್ಕಿಂತ ಜಾಸ್ತಿನೇ ಬರುತ್ತೆ, ಇಲ್ಲ ಅನ್ನಲ್ಲ.

ಆದರೆ ಆ 730 ಇದೆಯಲ್ಲ, ಅಲ್ಲೇ ಇರೋದು ಕಿತಾಪತಿ. ಈ ಎರಡು ವರ್ಷದಲ್ಲಿ ಮಗುವಿಗೆ ಹುಷಾರಿಲ್ಲ ಅಂತಲೋ, ಊರಲ್ಲಿ ಅತ್ತೆಗೆ ಆಪರೇಷನ್ ಅಂತಲೋ ನಾಲ್ಕು ತಿಂಗಳು ಸಂಬಳವಿಲ್ಲದೆ ರಜೆ ಹಾಕಿದ್ದರೆ ಮೇಲಿನ ಮೊತ್ತ 2,80,000ಕ್ಕೆ ಇಳಿಯುತ್ತೆ. ಕೆಳಗಿನ 730 ಮಾತ್ರ ಹಾಗೇ ಇರುತ್ತೆ. ಆಗ 90 ದಿನಕ್ಕೆ ಸಿಗೋದು 17,260ರ ಆಸುಪಾಸು. ಇದು ಹೆಣ್ಣುಮಕ್ಕಳಿಗೇ ಜಾಸ್ತಿ ಹೊಡೆತ. ಶೇಕಡಾವಾರು ಏರಿಸಿ ಅಂತ ಕೂಗುವವರು ಈ ಭಾಗಾಕಾರವನ್ನೂ ಸ್ವಲ್ಪ ನೋಡಬೇಕು.

ಸಣ್ಣ_ಶೆಡ್_ದೊಡ್ಡ_ಸಾಲ
ನಾನು ಪೀಣ್ಯದಲ್ಲಿ ಸಣ್ಣ ಮಿಷಿನ್ ಶಾಪ್ ಇಟ್ಟಿದ್ದೇನೆ. 22 ಜನ. ಎಲ್ಲರೂ "ಜಾಸ್ತಿ ಮಾಡಿ" ಅಂತೀರಿ, ಕಟ್ಟೋರು ಯಾರು? ಈ ಶೇ 3.25 ನನ್ನ ಕೈಯಿಂದ ಹೋಗೋದು. ಆರ್ಡರ್ ಕಮ್ಮಿ ಆದಾಗ ನನಗೆ ಯಾರೂ ಅರ್ಧ ಸಂಬಳ ಕೊಡಲ್ಲ. ಬ್ಯಾಂಕಿನವರು ಕಂತಿಗೆ ಒಂದು ದಿನ ತಡೆಯಲ್ಲ.

ಲೆಕ್ಕದ_ಮೇಷ್ಟ್ರು
ಸರ್, 2019ರ ಜೂನ್‌ವರೆಗೆ ಒಟ್ಟು ಶೇ 6.5 ಇತ್ತು. ನಿಮ್ಮ ಪಾಲೇ 4.75. ಅದನ್ನು ಇಳಿಸಿ ಒಟ್ಟು 4ಕ್ಕೆ ತಂದರು. ಹಳೇ ದರದಲ್ಲಿ ಅರ್ಧ ಪರ್ಸೆಂಟ್ ವಾಪಸ್ ತಂದು ಕೆಲಸ ಹೋದವರಿಗೆ ಅಂತಲೇ ಇಟ್ಟರೂ ನಿಮಗೆ ಮೊದಲಿಗಿಂತ ಕಮ್ಮಿನೇ ಬೀಳುತ್ತೆ.

ಸಣ್ಣ_ಶೆಡ್_ದೊಡ್ಡ_ಸಾಲ
ಇಳಿಸಿದ್ದನ್ನು ಮತ್ತೆ ಏರಿಸೋಕೆ ನಿಮ್ಮಂಥ ಮೇಷ್ಟ್ರು ಇದ್ದರೆ ಸಾಕು.

ನೇರ_ಮಾತು
ಯಾರಿಗೂ ಇಷ್ಟ ಆಗಲ್ಲ, ಆದರೂ ಹೇಳುತ್ತೇನೆ. ಮನೇಲಿ ಕೂತವರಿಗೆ ಶೇ 75 ಕೊಟ್ಟರೆ ಕೆಲಸಕ್ಕೆ ಯಾರು ಹೋಗುತ್ತಾರೆ? ನಮ್ಮ ಏರಿಯಾದಲ್ಲಿ ಈಗಲೇ ಟೈಲರ್ ಬೇಕು, ಹೆಲ್ಪರ್ ಬೇಕು ಅಂತ ಬೋರ್ಡ್ ನೇತಾಡುತ್ತಿವೆ.

ಸ್ಯಾನ್‌ಹೋಸೆ_ಸೋಮಾರಿ
ಇದೇ ಜಗಳ ಇಲ್ಲಿ ಅಮೆರಿಕದಲ್ಲೂ ಆಯಿತು. 2020ರ ಮಾರ್ಚ್‌ನಲ್ಲಿ ಕೋವಿಡ್ ಪರಿಹಾರಕ್ಕೆ ಕೇರ್ಸ್ ಆಕ್ಟ್ ಬಂತು. ರಾಜ್ಯ ಕೊಡುವ ನಿರುದ್ಯೋಗ ಭತ್ಯೆಯ ಮೇಲೆ ವಾರಕ್ಕೆ 600 ಡಾಲರ್ ಹೆಚ್ಚುವರಿ. ನಮ್ಮ ಕ್ಯಾಲಿಫೋರ್ನಿಯಾದಲ್ಲಿ ಮಾಮೂಲಿ ಭತ್ಯೆಯ ಗರಿಷ್ಠವೇ ವಾರಕ್ಕೆ 450. ಹಾಗಾಗಿ ಹೋಟೆಲ್ಲಲ್ಲಿ ತಟ್ಟೆ ತೊಳೆಯುತ್ತಿದ್ದವನಿಗೆ ಸಂಬಳಕ್ಕಿಂತ ಜಾಸ್ತಿ ಬಂತು. ಆಗ ನಿಮ್ಮ ಹಾಗೇ ಬೈದವರು ಬಹಳ. ಜುಲೈ ಕೊನೆಗೆ 600 ನಿಂತಿತು. ಆಮೇಲೆ 300 ಅಂತ ಮತ್ತೆ ಕೊಟ್ಟು 2021ರ ಸೆಪ್ಟೆಂಬರ್‌ಗೆ ಮುಗಿಸಿದರು. ಸುಮಾರು ಅರ್ಧದಷ್ಟು ರಾಜ್ಯಗಳು "ಜನ ಕೆಲಸಕ್ಕೆ ಬರುತ್ತಿಲ್ಲ" ಅಂತ ಅದಕ್ಕೂ ಮೊದಲೇ ನಿಲ್ಲಿಸಿದವು. ನಿಲ್ಲಿಸಿದ ಕಡೆ ಜನ ಓಡೋಡಿ ಕೆಲಸಕ್ಕೆ ಬಂದರಾ ಅಂದರೆ ಅಂಥ ದೊಡ್ಡ ವ್ಯತ್ಯಾಸ ಏನೂ ಕಾಣಲಿಲ್ಲ.

ಇನ್ನೊಂದು ವಿಷಯ ನಮ್ಮವರಿಗೆ ಗೊತ್ತಿರಲ್ಲ. ಇಲ್ಲಿ ಈ ದುಡ್ಡು ಹೆಚ್ಚಿನ ರಾಜ್ಯಗಳಲ್ಲಿ ಕಂಪನಿ ಕಟ್ಟುವ ತೆರಿಗೆಯಿಂದಲೇ ಬರುತ್ತೆ. ಜಾಸ್ತಿ ಜನರನ್ನು ತೆಗೆದ ಕಂಪನಿಗೆ ಮುಂದೆ ತೆರಿಗೆ ದರವೂ ಜಾಸ್ತಿ. ಪೀಣ್ಯದ ಸರ್‌ಗೆ ಇದು ಹಿಡಿಸಬಹುದು. ಯಾರನ್ನೂ ತೆಗೆಯದೆ ಇದ್ದರೆ ಕಮ್ಮಿ ಕಟ್ಟಬಹುದು.

ನೇರ_ಮಾತು
ಅವರು ಡಾಲರ್ ಛಾಪಿಸುತ್ತಾರೆ ಸ್ವಾಮಿ. ನಾವು ಅದನ್ನ ನೋಡಿ ಕುಣಿಯೋಕೆ ಆಗುತ್ತಾ? ಅಂದ ಹಾಗೆ ನಿಮಗೂ ಸಿಕ್ಕಿತಾ 600?

ಸ್ಯಾನ್‌ಹೋಸೆ_ಸೋಮಾರಿ
ಎಚ್1ಬಿ ವೀಸಾ ಮೇಲೆ ಇರೋರಿಗೆ ಕೆಲಸ ಹೋದರೆ 60 ದಿನದಲ್ಲಿ ಬೇರೆ ಕೆಲಸ ಹುಡುಕಬೇಕು, ಇಲ್ಲ ಗಂಟು ಮೂಟೆ ಕಟ್ಟಬೇಕು. 600 ಎಲ್ಲಿಂದ ಬಂತು.

ಕಡಲತಡಿ_ಶಾರ್ಜಾ
ಯುಎಇಯಲ್ಲಿ 2023ರ ಜನವರಿಯಿಂದ ಕಡ್ಡಾಯ ಮಾಡಿದ್ದಾರೆ ಮಾರಾಯ್ರೆ. ಮೂಲ ಸಂಬಳ 16,000 ದಿರ್ಹಂ ಒಳಗಿದ್ದರೆ ತಿಂಗಳಿಗೆ 5 ದಿರ್ಹಂ ಕಟ್ಟುವುದು. ಒಂದು ಚಾ, ಒಂದು ಸಮೋಸದ ದುಡ್ಡು. ಕೆಲಸ ಹೋದರೆ ಮೂಲ ಸಂಬಳದ ಶೇ 60, ಮೂರು ತಿಂಗಳು. ಅದಕ್ಕೆ 12 ತಿಂಗಳು ಬಿಡದೆ ಕಟ್ಟಿರಬೇಕು. ನಮ್ಮ ಉಡುಪಿ, ಮಂಗಳೂರಿನವರು ಎಷ್ಟೋ ಜನ ದಂಡ ಬೀಳುತ್ತದೆ ಅಂತಲೇ ಮಾಡಿಸಿದ್ದು.

ಆದರೆ ಇಲ್ಲಿ "ಮೂಲ ಸಂಬಳ" ಅನ್ನುವುದನ್ನು ಗಮನಿಸಿ. ಕಂಪನಿಯವರು ಬೇಸಿಕ್ ಕಮ್ಮಿ ಇಟ್ಟು ಉಳಿದದ್ದೆಲ್ಲ ಅಲವೆನ್ಸ್ ತೋರಿಸಿದರೆ ಶೇ 60 ಅನ್ನುವುದು ಕೈಗೆ ಬರುವಾಗ ಶೇ 30 ಆಗಿರುತ್ತದೆ.

ಎಚ್ಆರ್_ಅಕ್ಕ
ಹದಿನೈದು ವರ್ಷದಿಂದ ಫ್ಯಾಕ್ಟರಿಗಳ ಎಚ್ಆರ್‌ನಲ್ಲೇ ಇದ್ದೇನೆ. ಶೇ 50 ಸಾಕಾ, 75 ಬೇಕಾ ಅನ್ನೋದು ಆಮೇಲಿನ ಮಾತು. ಮೊದಲು ಆ ಅತ್ತಿಗೆ ಯಾವ ಪೇಪರ್‌ಗೆ ಸಹಿ ಹಾಕಿದ್ದಾರೆ ಹೇಳಿ.

ಜನರನ್ನು ಕಮ್ಮಿ ಮಾಡುವಾಗ ಎಷ್ಟೋ ಕಡೆ ನಡೆಯೋದು ಇದು. ಒಬ್ಬೊಬ್ಬರನ್ನೇ ಒಳಗೆ ಕರೆಯುತ್ತಾರೆ. ಇಂಗ್ಲಿಷ್‌ನಲ್ಲಿ ಟೈಪ್ ಮಾಡಿದ ಹಾಳೆ ರೆಡಿ ಇರುತ್ತೆ. "ಇಲ್ಲಿ ಸಹಿ ಹಾಕಿದರೆ ಈ ತಿಂಗಳ ಸಂಬಳ ಇವತ್ತೇ, ಪಿಎಫ್‌ಗೂ ತೊಂದರೆ ಇಲ್ಲ" ಅಂತಾರೆ. ಅದು ರಾಜೀನಾಮೆ ಪತ್ರ. ಸ್ವಂತ ಕಾರಣಕ್ಕೆ ಕೆಲಸ ಬಿಡುತ್ತಿದ್ದೇನೆ ಅಂತ ಬರೆದಿರುತ್ತೆ. ಆಮೇಲೆ ಆ ತಿಂಗಳ ಇಎಸ್‌ಐ ರಿಟರ್ನ್ಸ್‌ನಲ್ಲಿ ಕಾರಣದ ಕಲಂ ಇದೆಯಲ್ಲ, ಅಲ್ಲಿ "ಕೆಲಸ ಬಿಟ್ಟಿದ್ದಾರೆ" ಅಂತ ಆರಿಸುತ್ತಾರೆ. ಅದೇ ಪಟ್ಟಿಯಲ್ಲಿ "ರಿಟ್ರೆಂಚ್‌ಮೆಂಟ್", ಅಂದರೆ ಕಂಪನಿಯೇ ತೆಗೆದದ್ದು ಅಂತಲೂ ಇರುತ್ತೆ, ಅದರ ಮೇಲೆ ಯಾರೂ ಮೌಸ್ ಇಡಲ್ಲ.

ಕಂಪನಿಯೇ ತೆಗೆದದ್ದು ಅಂತ ಪೇಪರಲ್ಲಿ ಇದ್ದರೆ ಅಟಲ್ ಒಂದೇ ಅಲ್ಲ, 2005ರಿಂದ ಇರುವ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆಯ ಬಾಗಿಲೂ ತೆರೆಯುತ್ತೆ. ಅದರಲ್ಲಿ ಮೊದಲ 12 ತಿಂಗಳು ಶೇ 50, ಮುಂದಿನ 12 ತಿಂಗಳು ಶೇ 25. ಮನೆಯವರಿಗೂ ಸೇರಿ ಇಎಸ್‌ಐ ಆಸ್ಪತ್ರೆ ಸೌಲಭ್ಯ. ನೀವೆಲ್ಲ 90 ದಿನಕ್ಕೆ ಕಿತ್ತಾಡುತ್ತಿದ್ದೀರಿ.

ಹನ್ನೊಂದನೇ_ಕ್ರಾಸ್
ಎರಡು ವರ್ಷ?? ಇದನ್ನ ಯಾಕೆ ಯಾರೂ ಹೇಳಲ್ಲ?

ಎಚ್ಆರ್_ಅಕ್ಕ
ಹೇಳಿದರೆ ನಷ್ಟ ಯಾರಿಗೆ ಯೋಚನೆ ಮಾಡಿ. ರಿಟ್ರೆಂಚ್‌ಮೆಂಟ್ ಅಂತ ಬರೆದ ಕೂಡಲೇ ಕಂಪನಿ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ ಕೊಡಬೇಕು. ಸೇವೆಯ ಒಂದೊಂದು ವರ್ಷಕ್ಕೂ 15 ದಿನದ ಸಂಬಳ ಪರಿಹಾರ ಕೊಡಬೇಕು. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅದರ ಪ್ರಕಾರ ಬೇರೆ ಕೆಲಸ ಕಲಿಯೋಕೆ ಅಂತ ಇನ್ನೂ 15 ದಿನದ ಸಂಬಳ ಕಾರ್ಮಿಕರ ಖಾತೆಗೆ ಹೋಗಬೇಕು. ರಾಜೀನಾಮೆ ಆದರೆ ಇದ್ಯಾವುದೂ ಇಲ್ಲ.

ಲಗ್ಗೆರೆ_ಬ್ರಿಡ್ಜ್
ಅಕ್ಕಾ, ಸಹಿ ಹಾಕಿಲ್ಲ. ಹಾಳೆ ಕೊಟ್ಟಿದ್ದು ನಿಜ. ಮನೇಲಿ ಕೇಳಿ ಬರುತ್ತೇನೆ ಅಂತ ಹಾಗೇ ಚೀಲಕ್ಕೆ ಹಾಕಿಕೊಂಡು ಬಂದಿದ್ದಾರೆ. ಅವರ ಲೈನಲ್ಲಿ ಬಹಳ ಜನ ಹಾಕಿಬಿಟ್ಟಿದ್ದಾರಂತೆ.

ಎಚ್ಆರ್_ಅಕ್ಕ
ಶಹಬ್ಬಾಸ್. ಆ ಹಾಳೆ ಜೋಪಾನವಾಗಿ ಇಟ್ಟುಕೊಳ್ಳಿ. ಸಹಿ ಹಾಕಿದವರು ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಗುಂಪಾಗಿ ಹೋಗಿ ದೂರು ಕೊಡಲಿ. ಒಬ್ಬೊಬ್ಬರೇ ಹೋದರೆ ಅಲೆದಾಡಿಸುತ್ತಾರೆ.

ಹೊಸೂರು_ರೋಡ್_2016
ಪಿಎಫ್ ಮಾತು ಬಂದಿದ್ದಕ್ಕೆ ಹೇಳುತ್ತೇನೆ. 2016ರ ಏಪ್ರಿಲ್ ನೆನಪಿದೆಯಾ? ಕಂಪನಿ ಪಾಲಿನ ಪಿಎಫ್ ದುಡ್ಡನ್ನು 58 ವರ್ಷದವರೆಗೆ ತೆಗೆಯೋ ಹಾಗಿಲ್ಲ ಅಂತ ಕೇಂದ್ರ ಒಂದು ನಿಯಮ ತಂದಿತ್ತು. ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಗಟ್ಟಲೆ ರಸ್ತೆಗೆ ಬಂದರು. ಹೊಸೂರು ರೋಡ್ ಬಂದ್, ಮೈಸೂರು ರೋಡ್ ಬಂದ್. ಹಿಂದೆ ನಿಂತು ನಡೆಸುವ ದೊಡ್ಡ ಲೀಡರ್ ಯಾರೂ ಇರಲಿಲ್ಲ. ಎರಡೇ ದಿನಕ್ಕೆ ಸರ್ಕಾರ ನಿಯಮ ವಾಪಸ್ ತಗೊಂಡಿತು.

ಟಿವಿಯವರು ಆಗ "ಪಿಎಫ್ ಬಗ್ಗೆ ತಪ್ಪು ತಿಳಿವಳಿಕೆ" ಅಂದರು. ತಪ್ಪು ತಿಳಿವಳಿಕೆ ಏನಿಲ್ಲ. ಅವರಿಗೆ ಪಿಎಫ್ ಅಂದರೆ ಮುಪ್ಪಿನ ಕಾಲದ ದುಡ್ಡಲ್ಲ, ಕೆಲಸ ಹೋದಾಗ ಕೈಗೆ ಸಿಗುವ ಒಂದೇ ದುಡ್ಡು. ಬೇರೆ ಭತ್ಯೆ ಸರಿಯಾಗಿ ಬರುತ್ತಿದ್ದರೆ ಯಾರು ಪಿಎಫ್ ಮುಟ್ಟುತ್ತಿದ್ದರು? ಈಗ ನೋಡಿ, 2025ರ ಅಕ್ಟೋಬರ್‌ನಲ್ಲಿ ಪಿಎಫ್ ಮಂಡಳಿ ಮತ್ತೆ ಅಲ್ಲಿಗೇ ಕೈ ಹಾಕಿದೆ. ಕೆಲಸ ಹೋದರೆ ಶೇ 75 ತಕ್ಷಣ, ಪೂರ್ತಿ ಬೇಕು ಅಂದರೆ 12 ತಿಂಗಳು ಕಾಯಬೇಕು ಅಂತ ತೀರ್ಮಾನ ಮಾಡಿದ್ದಾರೆ. ಮೊದಲು ಎರಡು ತಿಂಗಳಿಗೇ ಸಿಗುತ್ತಿತ್ತು.

ನೇರ_ಮಾತು
ಅವರ ಒಳ್ಳೇದಕ್ಕೇ ಅಲ್ವಾ? ವಯಸ್ಸಾದ ಮೇಲೆ ಏನು ತಿನ್ನುತ್ತಾರೆ?

ಹೊಸೂರು_ರೋಡ್_2016
ಮೊದಲು ಈ ತಿಂಗಳು ತಿನ್ನಲಿ ಬಿಡಿ.

ಬೆಂಚ್_ಮೇಲೆ_ಕೂತವನು
ಐಟಿಯವರನ್ನು ಯಾರೂ ಲೆಕ್ಕಕ್ಕೇ ತಗೊಳ್ಳಲ್ಲ. ಇಎಸ್‌ಐ ಮಿತಿ ತಿಂಗಳಿಗೆ 21,000. ಅದು 2017ರ ಜನವರಿಯಲ್ಲಿ ಇಟ್ಟದ್ದು. ಅದರ ಮೇಲೆ ಸಂಬಳ ಇದ್ದರೆ ಈ ದೇಶದಲ್ಲಿ ನಿರುದ್ಯೋಗ ಭತ್ಯೆ ಅನ್ನೋದೇ ಇಲ್ಲ. ನಾನು ಮೇ ತಿಂಗಳಿಂದ ಮನೇಲಿ. ಒಂದು ವಿಡಿಯೋ ಕಾಲ್, ಹತ್ತು ನಿಮಿಷ, ಲ್ಯಾಪ್‌ಟಾಪ್ ಲಾಕ್. ಎರಡು ತಿಂಗಳ ಸಂಬಳ ಕೊಟ್ಟರು. ಮನೆ ಸಾಲದ ಕಂತು 38,000. ತೆರಿಗೆ ಮಾತ್ರ ವರ್ಷ ವರ್ಷ ತಪ್ಪದೆ ಕಟ್ಟಿದ್ದೇನೆ.

ಲಗ್ಗೆರೆ_ಬ್ರಿಡ್ಜ್
ಬೇಜಾರಾಗಬೇಡಿ ಸರ್, ಆದರೆ 38,000 ಕಂತು ಕಟ್ಟುವವರ ಕಷ್ಟನೂ 14,000 ಸಂಬಳದವರ ಕಷ್ಟನೂ ಒಂದೇ ಅಲ್ಲ.

ಬೆಂಚ್_ಮೇಲೆ_ಕೂತವನು
ಒಂದೇ ಅಂತ ನಾನೆಲ್ಲಿ ಹೇಳಿದೆ? ಇಬ್ಬರಿಗೂ ಒಂದು ವ್ಯವಸ್ಥೆ ಇರಲಿ ಅಂತಿದ್ದೇನೆ.

ಲೆಕ್ಕದ_ಮೇಷ್ಟ್ರು
ಬೆಂಚ್‌ನವರು ಹೇಳಿದ್ದರಲ್ಲಿ ಒಂದು ದೊಡ್ಡ ವಿಷಯ ಇದೆ. 21,000 ಹಾಗೇ ನಿಂತಿದೆ, ಸಂಬಳ ನಿಂತಿಲ್ಲ. ವರ್ಷ ವರ್ಷ ಸ್ವಲ್ಪ ಸ್ವಲ್ಪ ಏರಿ ಆ ಗೆರೆ ದಾಟಿದ ಸೂಪರ್‌ವೈಸರ್, ಕ್ವಾಲಿಟಿ ಚೆಕ್ ಮಾಡೋರು ಎಲ್ಲ ಇಎಸ್‌ಐನಿಂದ ಹೊರಗೆ ಬೀಳುತ್ತಾರೆ. ಸಂಬಳ ಏರಿದ್ದಕ್ಕೆ ಆಸ್ಪತ್ರೆನೂ ಹೋಯಿತು, ಭತ್ಯೆನೂ ಹೋಯಿತು. ನನ್ನನ್ನು ಕೇಳಿದರೆ ಶೇ 75ಕ್ಕಿಂತ ಮೊದಲು ಏರಿಸಬೇಕಾದ್ದು ಈ ಮಿತಿ.

ಹುಬ್ಬಳ್ಳಿ_ಗಿರ್ಮಿಟ್
ರಾಜ್ಯ ಸರ್ಕಾರದ ಯುವನಿಧಿ ಐತಲ್ರೀ? 3,000 ಕೊಡ್ತಾರಲ್ಲ, ಅದನ್ನ ತಗೋಬಹುದಲ್ಲ?

ಹನ್ನೊಂದನೇ_ಕ್ರಾಸ್
ಅದು ಪಾಸಾದ ಹುಡುಗರಿಗೆ ಸರ್. ಡಿಗ್ರಿ ಮುಗಿಸಿ ಆರು ತಿಂಗಳು ಕೆಲಸ ಸಿಗದಿದ್ದರೆ 3,000, ಡಿಪ್ಲೊಮಾ ಆದರೆ 1,500, ಎರಡು ವರ್ಷದವರೆಗೆ. 2024ರ ಜನವರಿ 12ಕ್ಕೆ ಶಿವಮೊಗ್ಗದಲ್ಲಿ ಚಾಲನೆ ಕೊಟ್ಟರು. ಇದ್ದ ಕೆಲಸ ಕಳಕೊಂಡವರಿಗೆ ಅಲ್ಲ.

ಹುಬ್ಬಳ್ಳಿ_ಗಿರ್ಮಿಟ್
ಕೆಲಸ ಸಿಗದವಗ ಕೊಡ್ತಾರ, ಸಿಕ್ಕು ಹೋದವಗ ಇಲ್ಲ. ಚಲೋ ಐತಿ.

ಎರಡು_ಚಕ್ರ_ಒಂದು_ಬ್ಯಾಗ್
ಡೆಲಿವರಿ ಮಾಡೋರು ಇಲ್ಲಿ ಯಾರೂ ಇಲ್ವಾ? ನಮಗೆ ಲೇ ಆಫ್ ಅಂತ ಏನೂ ಇಲ್ಲ. ಬೆಳಗ್ಗೆ ಆ್ಯಪ್ ಓಪನ್ ಮಾಡಿದರೆ ಐಡಿ ಬ್ಲಾಕ್. ಕರ್ನಾಟಕದಲ್ಲಿ 2025ರಲ್ಲಿ ನಮ್ಮಂಥ ಗಿಗ್ ಕಾರ್ಮಿಕರಿಗೆ ಕಾಯ್ದೆ ಬಂತು, ಒಂದೊಂದು ಆರ್ಡರ್ ಮೇಲೂ ಶೇ 1ರಿಂದ 5 ಕಲ್ಯಾಣ ಶುಲ್ಕ ಅಂತ. ಕಾರಣ ಹೇಳದೆ ತೆಗೆಯೋ ಹಾಗಿಲ್ಲ, 14 ದಿನ ಮೊದಲು ನೋಟಿಸ್ ಕೊಡಬೇಕು ಅಂತಲೂ ಇದೆ. ಕಾಗದದ ಮೇಲೆ ಚೆನ್ನಾಗಿದೆ. ಅರ್ಧ ಸಂಬಳ ಕೊಡಿ ಅಂದರೆ ಯಾವುದರ ಅರ್ಧ ಅಂತ ಕೇಳುತ್ತಾರೆ.

ಸ್ಟುಟ್‌ಗಾರ್ಟ್_ಸಾರು
ಜರ್ಮನಿಯಲ್ಲಿ ಮಕ್ಕಳಿಲ್ಲದವರಿಗೆ ನಿವ್ವಳ ಸಂಬಳದ ಶೇ 60, ಮಗು ಇದ್ದರೆ ಶೇ 67. ಬಹಳ ಜನರಿಗೆ ಒಂದು ವರ್ಷ ಸಿಗುತ್ತೆ. ಆದರೆ ನನಗೆ ಹಿಡಿಸಿದ್ದು ಇನ್ನೊಂದು. ಆರ್ಡರ್ ಕಮ್ಮಿ ಆದಾಗ ಎಷ್ಟೋ ಕಂಪನಿಗಳು ಜನರನ್ನು ತೆಗೆಯೋದಿಲ್ಲ, ಗಂಟೆ ಕಮ್ಮಿ ಮಾಡುತ್ತವೆ. ಕಮ್ಮಿಯಾದ ಸಂಬಳದ ಶೇ 60 ಅಥವಾ 67 ಅನ್ನು ಉದ್ಯೋಗ ಇಲಾಖೆ ತುಂಬಿಕೊಡುತ್ತೆ. ಕುರ್ಟ್ಸ್‌ಆರ್ಬೈಟ್ ಅಂತಾರೆ. 2009ರಲ್ಲೂ 2020ರಲ್ಲೂ ಇದರಿಂದಲೇ ಇಲ್ಲಿನ ಕಾರು ಫ್ಯಾಕ್ಟರಿಗಳು ಪಳಗಿದ ಜನರನ್ನು ಉಳಿಸಿಕೊಂಡವು. ಆರ್ಡರ್ ವಾಪಸ್ ಬಂದಾಗ ಹೊಸಬರನ್ನು ಹುಡುಕಿ ಕಲಿಸುವ ಗೋಳಿಲ್ಲ.

ಸಣ್ಣ_ಶೆಡ್_ದೊಡ್ಡ_ಸಾಲ
ಇದು ಮಾತು! ಇಂಥದ್ದು ಬಂದರೆ ಶೇ 3.25 ಅಲ್ಲ, 4 ಕೊಡುತ್ತೇನೆ. ನನ್ನ ಹತ್ತಿರ ಒಬ್ಬ ಗ್ರೈಂಡಿಂಗ್ ಹುಡುಗ ಇದ್ದ. ಆರ್ಡರ್ ಇಲ್ಲ ಅಂತ ಎರಡು ತಿಂಗಳು ಬಿಟ್ಟೆ, ಹೊಸೂರಿನ ಕಂಪನಿ ಎತ್ತಿಕೊಂಡು ಹೋಯಿತು. ಆ ಕೈ ಮತ್ತೆ ಸಿಗಲಿಲ್ಲ. ಈಗ ಬರುವ ಪೀಸಲ್ಲಿ ಅರ್ಧ ರಿಜೆಕ್ಷನ್.

ಎಚ್ಆರ್_ಅಕ್ಕ
ನಮ್ಮಲ್ಲೂ ಇದೆ ಸರ್. ತಾತ್ಕಾಲಿಕ ಲೇ ಆಫ್ ಕೊಟ್ಟರೆ ಬೇಸಿಕ್, ಡಿಎ (ತುಟ್ಟಿಭತ್ಯೆ) ಎರಡರ ಅರ್ಧವನ್ನು 45 ದಿನ ಕೊಡಬೇಕು. ಐವತ್ತಕ್ಕಿಂತ ಕಮ್ಮಿ ಜನ ಇರುವ ನಿಮ್ಮಂಥ ಕಡೆಗೆ ಅದು ಅನ್ವಯ ಆಗಲ್ಲ. ಅನ್ವಯ ಆಗುವ ಕಡೆಯೂ ಪೂರ್ತಿ ಕಂಪನಿ ಜೇಬಿನಿಂದಲೇ, ಸರ್ಕಾರ ಒಂದು ಪೈಸೆ ಹಾಕಲ್ಲ. ಅದಕ್ಕೇ ಎಲ್ಲರೂ ರಾಜೀನಾಮೆ ದಾರಿ ಹಿಡಿಯೋದು.

ಹನ್ನೊಂದನೇ_ಕ್ರಾಸ್
ವಿಷಯಾಂತರ, ಕ್ಷಮಿಸಿ. ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್‌ಗೆ ಎಷ್ಟು ಹೊತ್ತಿಗೆ ಹೋದರೆ ಒಳ್ಳೇದು?

ಹೊಸೂರು_ರೋಡ್_2016
ಬೆಳಗಾಗೋ ಮೊದಲೇ. ತಿಂಡಿ ಕಟ್ಟಿಕೊಂಡು ಹೋಗಿ.

ನೇರ_ಮಾತು
ಎಲ್ಲ ಓದಿದೆ. ನನ್ನ ಮಾತಲ್ಲಿ ಬದಲಿಲ್ಲ. ಮೊತ್ತ ಏರಿಸಬೇಡಿ, ಬೇಕಿದ್ದರೆ ಇರೋದನ್ನ ಬೇಗ ಕೊಡಿ.

ಲೆಕ್ಕದ_ಮೇಷ್ಟ್ರು
ಬೇಗ ಅನ್ನೋದಕ್ಕೆ ನನ್ನ ಓಟು. ಮೊದಲು ಕೆಲಸ ಹೋಗಿ 90 ದಿನ ಆದ ಮೇಲೆ ಕ್ಲೇಮ್ ಹಾಕಬೇಕಿತ್ತು. 2020ರಲ್ಲಿ ಅದನ್ನು 30 ದಿನಕ್ಕೆ ಇಳಿಸಿದರು. ಕಂಪನಿ ಮೂಲಕ ಹೋಗಬೇಕಿಲ್ಲ, ನೇರವಾಗಿ ಇಎಸ್‌ಐ ಶಾಖೆಗೇ ಕೊಡಬಹುದು ಅಂತಲೂ ಮಾಡಿದರು. ಶೇ 25ನ್ನು 50 ಮಾಡಿದ್ದಕ್ಕಿಂತ ಇವೆರಡೇ ದೊಡ್ಡ ಉಪಕಾರ ಅಂತ ನನ್ನ ಅಭಿಪ್ರಾಯ. ಆದರೂ ಪ್ರಚಾರ ಸೊನ್ನೆ. ಫ್ಯಾಕ್ಟರಿ ಗೇಟಿನಲ್ಲಿ ಕನ್ನಡದಲ್ಲಿ ಒಂದು ಬೋರ್ಡ್ ಹಾಕೋಕೆ ಎಷ್ಟು ಖರ್ಚಾಗುತ್ತೆ?

ಲಗ್ಗೆರೆ_ಬ್ರಿಡ್ಜ್
ಅಪ್‌ಡೇಟ್. ಇವತ್ತು ಫ್ಯಾಕ್ಟರಿಯಿಂದ ಫೋನ್ ಬಂತು. ಮುಂದಿನ ತಿಂಗಳು ಒಂದು ಲೈನ್ ಓಪನ್ ಮಾಡುತ್ತಾರಂತೆ. "ಬಾಮ್ಮಾ, ಆದರೆ ಹಳೇದಕ್ಕೆ ರಾಜೀನಾಮೆ ಕೊಟ್ಟು ಹೊಸದಾಗಿ ಜಾಯಿನ್ ಆಗು, ಸಂಬಳ ಹೊಸಬರದ್ದು" ಅಂದರಂತೆ. ಅತ್ತಿಗೆ ಹೋಗೋಣ ಅಂತಿದ್ದಾರೆ. ಸಂಘದ ಕಂತು ಎರಡು ವಾರ ಬಾಕಿ ಇದೆ. ಅಣ್ಣ ಬೇಡ ಅಂತಿದ್ದಾನೆ. ಏನು ಮಾಡೋದು?

ಹೊಸೂರು_ರೋಡ್_2016
ನೋಡಿ, ಭತ್ಯೆ ಜಾಸ್ತಿ ಇರಬೇಕು ಅನ್ನೋದು ಇದಕ್ಕೇ. ಮೂರು ತಿಂಗಳು ಕೈಯಲ್ಲಿ ಸರಿಯಾಗಿ ದುಡ್ಡಿದ್ದರೆ ಆಯಮ್ಮ "ಹಳೇ ಸಂಬಳಕ್ಕಾದರೆ ಬರುತ್ತೇನೆ" ಅಂತ ಫೋನ್ ಇಡುತ್ತಿದ್ದರು. ನೇರ ಮಾತಿನವರು ಇದನ್ನೇ ಸೋಮಾರಿತನ ಅಂತಾರೆ.

ನೇರ_ಮಾತು
ನಾನು ಅಂದಿದ್ದು ಇಂಥವರಿಗಲ್ಲ.

ಹೊಸೂರು_ರೋಡ್_2016
ಮತ್ತೆ ಯಾರಿಗೆ? ಹೆಸರು ಹೇಳಿ.

ಎಚ್ಆರ್_ಅಕ್ಕ
ಲಗ್ಗೆರೆಯವರೇ, ಜಗಳ ಅವರು ಆಡಿಕೊಳ್ಳಲಿ, ನೀವು ಇಲ್ಲಿ ಕೇಳಿ. ಒಂಬತ್ತು ವರ್ಷ ಆಗಿದೆ ಅಂದರೆ ಗ್ರಾಚ್ಯುಟಿ ಇದೆ. ಬೇಸಿಕ್, ಡಿಎ ಸೇರಿ 13,000 ಅಂತ ಇಟ್ಟುಕೊಂಡರೆ 13,000 ಗುಣಿಸು 15, ಭಾಗಿಸು 26, ಗುಣಿಸು 9. ಒಟ್ಟು 67,500. ರಾಜೀನಾಮೆ ಕೊಟ್ಟರೂ ಅದು ಸಿಗಲೇಬೇಕು. ಕೆಲಸ ಬಿಟ್ಟ 30 ದಿನದೊಳಗೆ ಕೊಡಬೇಕು. ರಿಟ್ರೆಂಚ್‌ಮೆಂಟ್ ಪರಿಹಾರ ಮಾತ್ರ ರಾಜೀನಾಮೆ ಕೊಟ್ಟರೆ ಹೋಗುತ್ತೆ. ಹೊಸದಾಗಿ ಜಾಯಿನ್ ಆದರೆ ಒಂಬತ್ತು ವರ್ಷದ ಸೇವೆ ಸೊನ್ನೆಗೆ ಬರುತ್ತೆ, ಅವರಿಗೆ ಬೇಕಾಗಿರೋದೂ ಅದೇ.

ಇನ್ನೊಂದು. ಆರ್ಡರ್ ಬಂದು ಮತ್ತೆ ಜನ ತಗೊಳ್ಳುವಾಗ, ತೆಗೆದುಹಾಕಿದವರಿಗೇ ಮೊದಲು ಅವಕಾಶ ಕೊಡಬೇಕು ಅಂತ ಕಾನೂನಿನಲ್ಲೇ ಇದೆ. ಅದಕ್ಕೆ ರಾಜೀನಾಮೆ ಯಾಕೆ ಬೇಕು ಅಂತ ಕೇಳಲಿ. ಫೋನಲ್ಲಿ ಬೇಡ, ಹೇಳಿದ್ದನ್ನ ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕಳಿಸಿ ಅನ್ನಲಿ. ಬರೆದು ಕೊಡಿ ಅಂದ ಕೂಡಲೇ ಅರ್ಧ ಮ್ಯಾನೇಜರ್‌ಗಳ ದನಿ ಬದಲಾಗುತ್ತೆ, ನಾನೇ ನೋಡಿದ್ದೇನೆ.

ಲಗ್ಗೆರೆ_ಬ್ರಿಡ್ಜ್
ಆಯ್ತಕ್ಕಾ. ಇಎಸ್‌ಐ ಕ್ಲೇಮ್‌ಗೆ ಏನೇನು ತಗೊಂಡು ಹೋಗಬೇಕು?

ಲೆಕ್ಕದ_ಮೇಷ್ಟ್ರು
ಆನ್‌ಲೈನಲ್ಲಿ ಹಾಕಿದ ಕ್ಲೇಮ್‌ನ ಪ್ರಿಂಟ್, ಆಧಾರ್ ಜೆರಾಕ್ಸ್, ಬ್ಯಾಂಕ್ ಪಾಸ್‌ಬುಕ್ ಜೆರಾಕ್ಸ್. ಹೋಗುವ ಮೊದಲು ಎರಡು ನೋಡಿಕೊಳ್ಳಿ. ಒಂದು, ಆಧಾರ್‌ನಲ್ಲಿರುವ ಹೆಸರೂ ಇಎಸ್‌ಐನಲ್ಲಿರುವ ಹೆಸರೂ ಒಂದೇ ಇರಬೇಕು. ಮದುವೆಗೆ ಮುಂಚಿನ ಇನಿಶಿಯಲ್ ಇದ್ದರೆ ಅಲ್ಲೇ ಸಿಕ್ಕಿಕೊಳ್ಳುತ್ತೆ. ಎರಡು, ಕೊನೆಯ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಇರಬೇಕು, ಅದರ ಹಿಂದಿನ ಮೂರರಲ್ಲಿ ಯಾವುದಾದರೂ ಒಂದರಲ್ಲೂ 78 ದಿನ ಇರಬೇಕು. ಕೊನೆಗೆ ರಜೆ ಮೇಲೆ ರಜೆ ಕೊಟ್ಟಿದ್ದರು ಅಂದಿರಲ್ಲ, ಅದಕ್ಕೇ ಹೇಳಿದ್ದು. ಏಪ್ರಿಲ್‌ನಿಂದ ಸೆಪ್ಟೆಂಬರ್ ಒಂದು ಅವಧಿ, ಅಕ್ಟೋಬರ್‌ನಿಂದ ಮಾರ್ಚ್ ಇನ್ನೊಂದು.

ಹನ್ನೊಂದನೇ_ಕ್ರಾಸ್
ಮೇಷ್ಟ್ರೇ, ಇದನ್ನ ನಮ್ಮ ಫ್ಯಾಕ್ಟರಿ ಗ್ರೂಪಿಗೆ ಫಾರ್ವರ್ಡ್ ಮಾಡಲಾ? ಅಡ್ಮಿನ್ ಎಚ್ಆರ್‌ನವನೇ.

ಎಚ್ಆರ್_ಅಕ್ಕ
ಮಾಡಿ. ಅವನೂ ಓದಿಕೊಳ್ಳಲಿ. ಅವನ ಹೆಸರೂ ಅದೇ ಲಿಸ್ಟಲ್ಲಿ ಇರಬಹುದು.